ಪ್ರೆಸ್ಸಿಗೆ ಹೆಸರಿದೆ, ಕಂಠಕ್ಕಿಲ್ಲ

ಕಳೆದ ಸೋಮವಾರ ಸನತ್‌ನಗರದಿಂದ ಮೆಹದಿಪಟ್ಟಣಂವರೆಗೆ ನಮ್ಮ ಮನೆಯ ರೆಕಾರ್ಡ್ ಪ್ಲೇಯರನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಹೋದೆ. ಕಂಡಕ್ಟರ್ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ, "ದೀನಿಕಿ ಕೂಡಾ ಟಿಕೆಟ್ ತೀಸ್ಕೋಂಡಿ ಸಾರ್" ಎಂದ. ತೆಗೆದುಕೊಂಡೆ. ಮರದ ಪೆಟ್ಟಿಗೆಗೂ ಇಲ್ಲಿ ಲೆಕ್ಕವುಂಟು!

ಇಷ್ಟು ಸರ್ಕಸ್ ಯಾಕೆ? ಪಕ್ಕದ ಕ್ವಾರ್ಟರ್ಸಿನ ಶಕುಂತಲಾ ವೈನಿಯ ದನಿ ಶಕುಂತಲಾ ವೈನಿಯದೇ ಎಂದು ಸಾಬೀತು ಮಾಡಲಿಕ್ಕೆ.

ಮೊದಲು ರೆಕಾರ್ಡಿನ ಕಥೆ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಹಿಮಾಯತ್‌ನಗರದ ಅಂಗಡಿಯಲ್ಲಿ ಒಂದು ಎಲ್.ಪಿ. ಕೊಂಡೆ. ಕವರಿನ ಮೇಲೆ ಕಪ್ಪು ಕನ್ನಡಕದ ಚೆಲುವೆ, ಕೆಳಗೆ ದಪ್ಪ ಅಕ್ಷರದಲ್ಲಿ ಹನ್ನೆರಡು ಹಿಂದಿ ಹಿಟ್‌ಗಳ ಪಟ್ಟಿ. ಬೆಲೆ ಅಸಲಿಯ ಅರ್ಧಕ್ಕಿಂತ ಕಡಿಮೆ. ಮನೆಗೆ ಬಂದು ಹಚ್ಚಿದ ಮೇಲೆ ತಿಳಿಯಿತು, ಹಾಡಿದವರು ಸಿನಿಮಾದವರಲ್ಲ. ಅವರ ಹಾಗೆಯೇ ಹಾಡುವ ಬೇರೆ ಯಾರೋ. ಯಾರು? ಕವರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಫೋಟೋ ತೆಗೆದವನ ಹೆಸರಿದೆ. ಕವರ್ ಮುದ್ರಿಸಿದ ಪ್ರೆಸ್ಸಿನ ಹೆಸರು ವಿಳಾಸ ಸಮೇತ ಇದೆ. ಸೂಜಿಯನ್ನು ಸ್ವಚ್ಛವಾಗಿಡಿ ಎಂಬ ಬುದ್ಧಿವಾದವೂ ಇದೆ. ಹಾಡಿದವರ ಹೆಸರು ಮಾತ್ರ ಇಲ್ಲ.

ನನಗೇನೂ ಬೇಸರವಾಗಲಿಲ್ಲ. (ಅಗ್ಗದ ಮಾಲು ಕೊಂಡವನಿಗೆ ಬೇಸರ ಎಲ್ಲಿಂದ ಬರಬೇಕು?) ಮನೆಗೆ ಬಂದವರ ಮುಂದೆಲ್ಲ ಅದನ್ನು ಹಚ್ಚಿ, "ಡುಪ್ಲಿಕೇಟ್ ಮಾಲ್ರಿ, ಆದ್ರೂ ಭಾಳ ಛಲೋ ಐತಿ" ಎಂದು ಜಂಬ ಕೊಚ್ಚಿಕೊಂಡೆ. ಒಮ್ಮೆ ಹೆಪ್ಪಿಗೆ ಮೊಸರು ಕೇಳಲು ಬಂದ ವೈನಿಯ ಮುಂದೆಯೂ ಹೀಗೆಯೇ ಅಂದೆ. ಅವರು ಬಟ್ಟಲು ಹಿಡಿದುಕೊಂಡು ಹಾಡು ಮುಗಿಯುವವರೆಗೆ ನಿಂತರು. ಆಮೇಲೆ ಮೊಸರು ಹಾಕಿಸಿಕೊಂಡು ಹೋದರು.

ನಿಜ ಹೇಳಿದ್ದು ಹೋದ ವಾರ. ಮೆಹದಿಪಟ್ಟಣಂನಲ್ಲಿ ನಮ್ಮ ಕನ್ನಡ ಮಂದಿಯೇ ನಡೆಸುವ ಒಂದು ಶಾಲೆಗೆ ಹಾಡು ಕಲಿಸುವ ಟೀಚರು ಬೇಕಾಗಿದ್ದರು. ರೇಡಿಯೋದಲ್ಲೋ ರೆಕಾರ್ಡಿನಲ್ಲೋ ಹಾಡಿದವರಿಗೆ ಆದ್ಯತೆ, ಪುರಾವೆ ತರಬೇಕು ಎಂದು ಷರತ್ತು. ಬಾಗಲಕೋಟೆಯಲ್ಲಿ ತಾಯಿಯ ಮುಂದೆ ಕೂತು ಕಲಿತ ವೈನಿಗೆ ಸರ್ಟಿಫಿಕೇಟ್ ಎಲ್ಲಿಂದ ಬರಬೇಕು? ಆದರೆ ಆ ಕೆಲಸದ ಮೇಲೆ ಅವರಿಗೆ ಜೀವ. ನಮ್ಮ ಬಾಗಿಲಿಗೆ ಬಂದು ಮೆಲ್ಲಗೆ ಅಂದರು: "ನಿಮ್ಮ ಆ ಡುಪ್ಲಿಕೇಟ್ ಮಾಲ್ ಐತೆಲ್ರಿ, ಅದರಾಗ ಮೂರು ಹಾಡು ನಂದು."

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. "ಇಷ್ಟು ದಿನ ಯಾಕ ಹೇಳಲಿಲ್ರಿ ವೈನಿ?"

"ಹೆಸರಿಲ್ಲದ್ದನ್ನ ನಂದು ಅಂದ್ರ ಯಾರು ನಂಬ್ತಾರ್ರಿ?"

ಸೋಮವಾರ ಪ್ಲೇಯರು ಹೊತ್ತು ವೈನಿಯ ಜೊತೆ ಹೋದರೆ, ಶಾಲೆಯವರೂ ನಂಬಲಿಲ್ಲ. ಕಾರ್ಯದರ್ಶಿಗಳು ರಾಯಚೂರಿನ ಕಡೆಯ ಬಟ್ಟೆ ವ್ಯಾಪಾರಿ, ಮಾತು ನಯ. ರೆಕಾರ್ಡು ಕೇಳಿದರು, ತಲೆದೂಗಿದರು, ಕವರ್ ತಿರುಗಿಸಿದರು. "ಹೆಸರು ಎಲ್ಲೈತ್ರಿ ತಂಗೀ?"

ವೈನಿ ಅಲ್ಲೇ ಎದ್ದು ನಿಂತು ಅದೇ ಹಾಡು ಹಾಡಿದರು. ಎಳೆಯಷ್ಟೂ ವ್ಯತ್ಯಾಸವಿಲ್ಲ. ಕಾರ್ಯದರ್ಶಿಗಳು ನಕ್ಕರು. "ರೆಕಾರ್ಡಿನಾಗ ಇದ್ದಾಕಿ ಸಿನಿಮಾದಾಕಿ ಹಂಗ ಹಾಡ್ಯಾಳ. ನೀವೂ ಸಿನಿಮಾದಾಕಿ ಹಂಗ ಹಾಡಿದ್ರಿ. ಇದರಾಗ ನಿಮ್ಮನ್ನ ಹೆಂಗ ಗುರ್ತು ಹಿಡೀಬೇಕ್ರಿ?"

ನೋಡಿ ಅನ್ಯಾಯ! ನಿನ್ನ ಗುರುತು ಸಿಗದ ಹಾಗೆ ಹಾಡು ಅಂತ ಒಬ್ಬ ಹಾಡಿಸುತ್ತಾನೆ. ಗುರುತು ಎಲ್ಲಿದೆ ಅಂತ ಇನ್ನೊಬ್ಬ ಕೇಳುತ್ತಾನೆ. ಹೆಚ್ಚು ಚೆನ್ನಾಗಿ ಹಾಡಿದವಳು ಹೆಚ್ಚು ಮಾಯವಾಗಬೇಕೇ?

ವೈನಿ ಸೋಲಲಿಲ್ಲ. "ಎರಡನೇ ಬಾಜೂ ಹಚ್ರಿ. ಮೂರನೇ ಹಾಡು" ಎಂದರು. ಹಚ್ಚಿದೆ. ಹಾಡು ಏರುತ್ತ ಏರುತ್ತ ಮೇಲಿನ ಸ್ವರಕ್ಕೆ ಹೋದಾಗ, ಕಿಣ್! ಒಂದು ಸಣ್ಣ ಸದ್ದು. ಎರಡು ವರ್ಷ ಕೇಳಿದ್ದೇನೆ, ಗೀರು ಬಿದ್ದಿದೆ ಅಂದುಕೊಂಡಿದ್ದೆ.

"ಅದು ನನ್ನ ಬಳೀ ಸಪ್ಪಳ" ಎಂದರು ವೈನಿ. ಹಿಮಾಯತ್‌ನಗರದ ಒಂದು ಮಹಡಿಯ ಮೇಲೆ, ಒಂದೇ ದಿನದಲ್ಲಿ ಹನ್ನೆರಡೂ ಹಾಡು ಮುಗಿಸಿದರಂತೆ. ಮೈಕಿಗೆ ಸದ್ದು ಹಿಡಿಯುತ್ತದೆ, ಬಳೆ ತೆಗೆಯಿರಿ ಎಂದನಂತೆ ರೆಕಾರ್ಡಿಸ್ಟು. "ಗಂಡ ಗಟ್ಟಿಮುಟ್ಟ ಅದಾನ, ನಾ ಯಾಕ ಬರಿಗೈ ಮಾಡ್ಕೊಳ್ಳಿ ಅಂದೆ. ನಮ್ಮವರ ಕಿಸೇದಾಗಿನ ದಸ್ತಿ ಇಸ್ಕೊಂಡು ಹಸಿರು ಬಳೀ ಮ್ಯಾಲ ಸುತ್ತಿಕೊಂಡೆ. ಮ್ಯಾಲಿನ ಸ್ವರಕ್ಕ ಕೈ ಎತ್ತಿದಾಗ ದಸ್ತಿ ಜಾರಿತು. ಮತ್ತೊಮ್ಮೆ ಹಾಡ್ತೀನಿ ಅಂದ್ರ, ‘ಚಲ್ತಾ ಹೈ ಅಮ್ಮಾ, ಸಸ್ತಾ ಮಾಲ್ ಹೈ’ ಅಂದುಬಿಟ್ಟ."

ಗೆದ್ದೆವು ಅಂದುಕೊಂಡೆ.

ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡರು. "ಬಳೀ ಯಾರು ಹಾಕ್ಕೊಳ್ಳಂಗಿಲ್ರಿ? ನಮ್ಮ ಮನ್ಯಾಗೂ ಹಾಕ್ಕೋತಾರ."

"ಹಾಕ್ಕೋತಾರ್ರಿ. ಹಾಡ್ತಾರೇನ್ರಿ?" ಎಂದರು ವೈನಿ.

ವಿಚಾರ ಮಾಡಿ ತಿಳಿಸುತ್ತೇವೆ ಎಂಬ ಹಳೆಯ ಪಲ್ಲವಿ ಬಂತು. ಅಷ್ಟಾದರೂ ಸಹಿಸುತ್ತಿದ್ದೆ. ನಾವು ಹೊರಡುವಾಗ ಆ ಮಹಾಶಯರು ಏನಂದರು ಗೊತ್ತೇ? "ಆ ರೆಕಾರ್ಡು ಇಲ್ಲೇ ಇಟ್ಟು ಹೋಗ್ರಿ. ಗ್ಯಾದರಿಂಗ್‌ನಾಗ ಹುಡಿಗ್ಯಾರ ಡಾನ್ಸಿಗೆ ಹಚ್ಚೋಣು. ಛಂದ ಐತಿ."

ನಾನು ಕನ್ನಡವನ್ನು ಶಾಲೆಯಲ್ಲಿ ಓದಿದವನಲ್ಲ, ಅಜ್ಜಿಯ ಬೈಗುಳದಲ್ಲಿ ಕಲಿತವನು ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಸಿಟ್ಟು ಬಂದರೆ ಅವಳ ಮಾತೇ ಬಾಯಿಗೆ ಬರುತ್ತದೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅನ್ನುತ್ತಿದ್ದಳು. ಇಲ್ಲಿ ದುಡ್ಡೂ ಅಲ್ಲ, ಕಂಠ! ಕಂಠ ಬೇಕು, ಕಂಠದವಳು ಬೇಡ. ಬಾಯಿ ತೆರೆಯುವಷ್ಟರಲ್ಲಿ ವೈನಿ ರೆಕಾರ್ಡನ್ನು ಕವರಿಗೆ ಸೇರಿಸಿ ಬಗಲಲ್ಲಿ ಹಿಡಿದಿದ್ದರು.

"ಹೆಸರಿಲ್ಲದ ಮಾಲ್ರಿ ಇದು. ಪುರಾವೆ ಇಲ್ಲದ್ದು ನಿಮ್ಮ ಶಾಲೀಗೆ ನಡೀತದೇನ್ರಿ?"

ಶುಕ್ರವಾರ ಕಾರ್ಡು ಬಂತು. ಪುರಾವೆ ಸಾಲದು. ಬೇರೆಯವರನ್ನು ತೆಗೆದುಕೊಂಡಿದ್ದಾರೆ. ವೈನಿ ಕಾರ್ಡನ್ನು ಎರಡು ಸಲ ಓದಿ, ಮಡಚಿ, ಒಲೆಯ ಮೇಲಿನ ಹಾಲು ಉಕ್ಕೀತೆಂದು ಒಳಗೆ ಹೋದರು. ಹಾಲು ಉಕ್ಕುತ್ತಿರಲಿಲ್ಲ, ನಾನು ನೋಡಿದ್ದೆ.

ಆ ಸಂಜೆ ಬಾಲ್ ಪೆನ್ ಹಿಡಿದು ಕವರಿನ ಹಿಂದೆ, ಪ್ರೆಸ್ಸಿನ ವಿಳಾಸದ ಪಕ್ಕದಲ್ಲೇ, ಅವರ ಹೆಸರು ಬರೆದು ತೋರಿಸಿದೆ. ಖುಷಿಪಡುತ್ತಾರೆ ಅಂದುಕೊಂಡರೆ ಮುಖ ಸಣ್ಣದು ಮಾಡಿದರು.

"ನಂದು ಮೂರ ಹಾಡ್ರಿ. ಉಳಿದ ಒಂಬತ್ತು ಹಾಡಿದವರು ಏನು ಪಾಪ ಮಾಡ್ಯಾರ?"

"ಅವರ ಹೆಸರೇನ್ರಿ?"

"ಹೆಸರು ಅಲ್ಲಿ ಯಾರು ಕೇಳ್ತಿದ್ರು? ಏಕ್ ನಂಬರ್ ಮೈಕ್, ದೋ ನಂಬರ್ ಮೈಕ್ ಅಂತ ಕರೀತಿದ್ರು. ನಾ ತೀನ್ ನಂಬರ್."

ಹೀಗಾಗಿ ಅದನ್ನು ಹೊಡೆದುಹಾಕಿ ಹಾಡುಗಳ ಪಟ್ಟಿಯಲ್ಲೇ ಬರೆದೆ. ನಮ್ಮ ಕವರಿನ ಮೇಲೆ ಈಗ ಮೂರು ಹಾಡಿನ ಮುಂದೆ ಒಂದು ಹೆಸರಿದೆ, ಒಂಬತ್ತು ಹಾಡಿನ ಮುಂದೆ ಖಾಲಿ ಗೆರೆಗಳಿವೆ. ಪ್ರೆಸ್ಸಿನ ಮಾಲೀಕರೇ, ವಿಳಾಸ ಸಮೇತ ನಿಮ್ಮ ಹೆಸರು ಅಚ್ಚು ಹಾಕಿಕೊಂಡಿರಲ್ಲ, ಇವರ ಪಾಲಿಗೆ ಬರುವಷ್ಟರಲ್ಲಿ ನಿಮ್ಮ ಮಸಿ ಮುಗಿದುಹೋಗಿತ್ತೇ?