ಹಿಂದಿನ ಗೇಟಿನ ಡೌಟಣ್ಣ

ವಿಶ್ವವಿದ್ಯಾಲಯದ ಹಿಂದಿನ ಗೇಟು ಕಾಯುವವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಅದು ಹಾಜರಿ ಕೂಗುವಾಗ ಮಾತ್ರ ಕೇಳಿಬರುತ್ತಿತ್ತು. ಉಳಿದಂತೆ ಅವನು ಎಲ್ಲರ ಬಾಯಲ್ಲೂ ಡೌಟಣ್ಣ. ಹಾಲಿನವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುವ ಮನುಷ್ಯ. ಕೇಳದೆ ಹೆಂಡತಿ ಎರಡನೇ ಲೋಟ ಟೀ ಕೊಟ್ಟರೆ, "ಯಾರು ಬರ್ತಿದ್ದಾರೆ? ನಿಮ್ಮಣ್ಣನಾ?" ಎನ್ನುವವನು.

ಹುಟ್ಟಿನಿಂದ ಹೀಗಿರಲಿಲ್ಲ. ಮೊದಲು ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಗಿರಣಿ ಮುಚ್ಚುತ್ತದೆಂದು ಸುದ್ದಿ ಹಬ್ಬಿದಾಗ ಸಂಘದ ಮುಖಂಡ ಮೈಕ್ ಹಿಡಿದು, "ನಾನಿರೋ ತನಕ ಒಂದು ಮಿಷನ್ನೂ ನಿಲ್ಲಲ್ಲ" ಎಂದು ಎದೆ ತಟ್ಟಿಕೊಂಡಿದ್ದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಇವನೇ. ಸ್ವಲ್ಪ ದಿನಕ್ಕೆ ಬೆಳಿಗ್ಗೆ ಕೆಲಸಕ್ಕೆ ಹೋದರೆ ಗೇಟಿಗೆ ಬೀಗ. ಮುಖಂಡ ಅಷ್ಟರಲ್ಲಾಗಲೇ ಮಾಲೀಕನ ಇನ್ನೊಂದು ಕಂಪನಿಯಲ್ಲಿ ಕುರ್ಚಿ ಹಿಡಿದು ಕೂತಿದ್ದ. ಅಲ್ಲಿಂದ ಮುಂದೆ ಮೈಕ್ ಹಿಡಿದವರನ್ನು ಕಂಡರೆ ಡೌಟಣ್ಣನಿಗೆ ಮೈಯೆಲ್ಲ ಉರಿ.

ಅವನು ಕಾಯುತ್ತಿದ್ದ ಗೇಟಿನ ಆಚೆಗೆ ಅವನದೇ ಓಣಿ. ಹಿಂದೆ ಓಣಿಯವರೆಲ್ಲ ವಿಶ್ವವಿದ್ಯಾಲಯದ ಮೈದಾನ ಹಾದು ಆಚೆಯ ಆಸ್ಪತ್ರೆಗೆ, ಬಸ್ಸಿಗೆ ಹೋಗುತ್ತಿದ್ದರು. ಕಾಂಪೌಂಡ್ ಎದ್ದಿತು, ಗೇಟಿಗೆ ಬೀಗ ಬಿತ್ತು. ಈಗ ಲಾರಿಗಳ ಮಧ್ಯೆ ಮೇನ್ ರೋಡು ಸುತ್ತಿಯೇ ಹೋಗಬೇಕು. ಅವನ ಹೆಂಡತಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ದಿನವಿಡೀ ನಿಂತು ಹಾಸಿಗೆ ಬಟ್ಟೆ ಮಡಚಿ ಮಂಡಿ ಊದಿಕೊಳ್ಳುತ್ತಿತ್ತು. ಒಮ್ಮೆ ಕೇಳಿದ್ದಳು, "ರೀ, ನನ್ನೊಬ್ಬಳನ್ನ ಬಿಟ್ಟರೆ ಏನಾಗುತ್ತೆ?"

"ಇವತ್ತು ನಿನ್ನ ಬಿಟ್ಟರೆ ನಾಳೆ ಇಡೀ ಓಣಿ ಬರುತ್ತೆ. ನಾಳಿದ್ದು ನಾನು ಮನೇಲಿ ಕೂತಿರ್ತೀನಿ."

ಅವಳು ಮತ್ತೆ ಕೇಳಲಿಲ್ಲ. ಕೇಳದೇ ಇದ್ದದ್ದೂ ಅವನಿಗೆ ಅನುಮಾನವೇ.

ಆ ವರ್ಷ ವಿದ್ಯಾರ್ಥಿಗಳು ಸಾಮಾಜಿಕ ನ್ಯಾಯ ಸಪ್ತಾಹ ಶುರುಮಾಡಿದರು. ಮರದಿಂದ ಮರಕ್ಕೆ ಬ್ಯಾನರ್, ಮೆಟ್ಟಿಲ ಮೇಲೆ ನಾಟಕ, ಸಭಾಂಗಣದಲ್ಲಿ ಭಾಷಣ. ಭದ್ರತಾ ವಿಭಾಗದ ಮುಖ್ಯಸ್ಥ ಬೈಕಿನಲ್ಲಿ ಬಂದು ಗೇಟಿನ ಹತ್ತಿರ ನಿಲ್ಲಿಸಿ, ದನಿ ತಗ್ಗಿಸಿದ. "ಒಳಗೆ ಏನು ಬೇಕಾದ್ರೂ ಕೂಗಾಡ್ಕೊಳ್ಳಲಿ. ಹೊರಗಿನವರ ಜೊತೆ ಸೇರಿ ಏನೋ ಮಸಲತ್ತು ನಡೀತಿದೆ. ಯಾರು ಇಲ್ಲಿ ಸುಳಿದಾಡ್ತಾರೋ ನೋಡಿ ಹೇಳು. ನಿನ್ನ ಕಣ್ಣು ತಪ್ಪಿಸಿ ಇರುವೆನೂ ಹೋಗಲ್ಲ ಅಂತಾರಲ್ಲಯ್ಯ."

ಡೌಟಣ್ಣ ಉಬ್ಬಿಹೋದ. ಅಲ್ಲಿಯವರೆಗೆ ಎಲ್ಲರೂ ನಗುತ್ತಿದ್ದ ಅವನ ಸ್ವಭಾವಕ್ಕೆ ಮೊದಲ ಸಲ ಒಂದು ಬೆಲೆ ಬಂದಿತ್ತು.

ಮಾರನೆಯ ದಿನವೇ ದಪ್ಪ ಕನ್ನಡಕದ ಹುಡುಗಿಯೊಬ್ಬಳು ಬಂದು ಸರಳುಗಳ ಸಂದಿಯಿಂದ ಓಣಿಯನ್ನೇ ನೋಡುತ್ತ ನಿಂತಳು. "ಅಣ್ಣಾ, ಈ ಬೀಗದ ಕೈ ಯಾರ ಹತ್ರ ಇರುತ್ತೆ?"

"ಯಾಕೆ?"

"ಸುಮ್ನೆ ಕೇಳಿದೆ."

"ಸುಮ್ನೆ ಕೇಳೋರು ಯಾರೂ ಸುಮ್ನಿರಲ್ಲಮ್ಮ."

ಹುಡುಗಿ ನಕ್ಕು, ಚೀಲದಿಂದ ಬಿಸ್ಕತ್ತು ಪೊಟ್ಟಣ ತೆಗೆದು ಅವನ ಕೈಗಿಟ್ಟು ಹೋದಳು. ಅವನು ಮೂಸಿ ನೋಡಿ ಬೀದಿನಾಯಿಗೆ ಹಾಕಿದ. ನಾಯಿಗೆ ಏನಾದರೂ ಆಗುತ್ತದೇನೋ ಎಂದು ಸಂಜೆಯವರೆಗೆ ಕಾದ. ಬಿಸ್ಕತ್ತು ಇನ್ನೂ ಇದೆಯೇ ಎಂಬಂತೆ ನಾಯಿಯೂ ಬಾಲ ಅಲ್ಲಾಡಿಸುತ್ತ ಕಾದು ಕೂತಿತು.

ಅದೇ ದಿನಗಳಲ್ಲಿ ಹೆಂಡತಿ ಮನೆಗೆ ತಡವಾಗಿ ಬರತೊಡಗಿದಳು. "ಲಾಂಡ್ರಿಯಲ್ಲಿ ಕೆಲಸ ಜಾಸ್ತಿ" ಎಂದಳು. ಊಟ ಬಡಿಸುವಾಗ ಅವಳ ಉಗುರಿನ ಸಂದಿಯಲ್ಲಿ ಬಣ್ಣ ಮೆತ್ತಿದ್ದು ಕಂಡಿತು. ಅದೇನೆಂದು ಕೇಳಿದ್ದಕ್ಕೆ, "ಬಟ್ಟೆಗೆ ನೀಲಿ ಹಾಕಿದ್ವಿ" ಅಂದಳು. ಬಟ್ಟೆಯ ನೀಲಿ ತೊಳೆದರೆ ಹೋಗುತ್ತದೆ. ಇದು ಗೋಡೆಯ ಬಣ್ಣದಂತೆ ಕೂತುಬಿಟ್ಟಿತ್ತು.

ಮರುದಿನ ಡ್ಯೂಟಿ ಮುಗಿಸಿ ಬರುವಾಗ ಕನ್ನಡಕದ ಹುಡುಗಿ ಮೇನ್ ರೋಡಿನಲ್ಲಿ ಕಂಡಳು. ಹಿಂಬಾಲಿಸಿದ. ಹುಡುಗಿ ನೇರ ಅವನ ಓಣಿಗೇ ಹೊಕ್ಕು, ದರ್ಜಿಯ ಮನೆಯೊಳಗೆ ಹೋದಳು. ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಅದರಲ್ಲೊಂದು ಜೋಡಿ ಹೆಂಡತಿಯದು, ಅವನೇ ತಂತಿಯಿಂದ ಬಾರು ಬಿಗಿದುಕೊಟ್ಟದ್ದು. ಒಳಗಿನಿಂದ ಹೆಂಗಸರ ನಗು, ನಡುವೆ ಅವನ ಹೆಂಡತಿಯದೂ. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತು! ಅವನು ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತ. ಗಿರಣಿಯ ಮುಖಂಡ ತನ್ನನ್ನು ಉಬ್ಬಿಸಿದ ಹಾಗೆಯೇ ಈ ಹುಡುಗಿ ಇವರನ್ನು ಉಬ್ಬಿಸುತ್ತಿದ್ದಾಳೆ. ಕಷ್ಟ ಬಂದಾಗ ಹಾಸ್ಟೆಲಿಗೆ ಓಡಿಹೋಗುತ್ತಾಳೆ, ಪೆಟ್ಟು ತಿನ್ನುವವರು ಇವರು. ಹಾಗೆಂದುಕೊಂಡು, ಒಳಗೆ ಹೋಗದೆ ಮನೆಗೆ ಬಂದ.

ಬೆಳಿಗ್ಗೆ ಮುಖ್ಯಸ್ಥನಿಗೆ ಹೇಳಿಬಿಟ್ಟ. ಕನ್ನಡಕದ ಹುಡುಗಿ, ದರ್ಜಿ ಮನೆ, ಓಣಿಯ ಹೆಂಗಸರು.

"ಯಾವ್ಯಾವ ಹೆಂಗಸರು?"

"ಕತ್ತಲಾಗಿತ್ತು ಸಾರ್, ಕಾಣಲಿಲ್ಲ."

ಹುಡುಗಿಯನ್ನು ಆಫೀಸಿಗೆ ಕರೆಸಿದರು. ಹೊರಗಿನವರ ಸಹವಾಸ ಬಿಡದಿದ್ದರೆ ಹಾಸ್ಟೆಲ್ ಖಾಲಿ ಮಾಡಬೇಕಾಗುತ್ತದೆ ಎಂದು ಗದರಿದರು. ಸುದ್ದಿ ಓಣಿಗೂ ಬಂತು.

"ಆ ಹುಡುಗೀನ ಹೆದರಿಸಿದ್ದಾರಂತೆ. ಯಾರೋ ಚಾಡಿ ಹೇಳಿದ್ದಾರೆ," ಎಂದಳು ಹೆಂಡತಿ, ಅನ್ನ ಬಡಿಸುತ್ತ.

"ಯಾವ ಹುಡುಗಿ?" ಎಂದ ಡೌಟಣ್ಣ.

ಅವಳು ಸೌಟು ಹಿಡಿದುಕೊಂಡೇ ಅವನ ಮುಖ ನೋಡಿದಳು. ಎಲ್ಲರನ್ನೂ ಹಾಗೆ ನೋಡುತ್ತಿದ್ದವನು ಅವನು. ತನ್ನನ್ನೇ ಒಬ್ಬರು ಹಾಗೆ ನೋಡಿದರೆ ಹೇಗಿರುತ್ತದೆಂದು ಅವನಿಗೆ ಅಂದು ಗೊತ್ತಾಯಿತು.

ಸಪ್ತಾಹದ ಕೊನೆಯ ದಿನ ಸಭಾಂಗಣದಿಂದ ಮೆರವಣಿಗೆ ಹೊರಟು ಹಿಂದಿನ ಗೇಟಿಗೇ ಬಂತು. ಗೇಟಿನ ಆಚೆ ಓಣಿಯ ಹೆಂಗಸರು ಹಳೆಯ ಹಾಸಿಗೆ ಬಟ್ಟೆಯೊಂದನ್ನು ಎತ್ತಿಹಿಡಿದಿದ್ದರು. ಅದರ ಮೇಲೆ ನೀಲಿ ಬಣ್ಣದಲ್ಲಿ 'ದಾರಿ ಬಿಡಿ' ಎಂದು ಬರೆದಿತ್ತು. ಎಲ್ಲರಿಗಿಂತ ಮುಂದೆ, ಲಾಂಡ್ರಿಯ ಸಮವಸ್ತ್ರದಲ್ಲೇ, ಅವನ ಹೆಂಡತಿ. ಈಚೆ ರಿಜಿಸ್ಟ್ರಾರ್, ಅವರ ಪಕ್ಕ ಮುಖ್ಯಸ್ಥ. ನಡುವೆ ಬೀಗದ ಕೈ ಜೇಬಿನಲ್ಲಿಟ್ಟುಕೊಂಡ ಡೌಟಣ್ಣ.

ಹೆಂಡತಿ ಅವನನ್ನು 'ರೀ' ಎನ್ನಲಿಲ್ಲ. "ಕಾವಲಿನವರೇ, ಸಾಹೇಬರನ್ನ ಸ್ವಲ್ಪ ಹತ್ತಿರ ಬರೋಕೆ ಹೇಳ್ತೀರಾ?" ಎಂದಳು.

ಗದರಿಕೆ ತಿಂದ ಹುಡುಗಿ ಬರುವುದಿಲ್ಲ ಎಂದುಕೊಂಡಿದ್ದ, ಬಂದಿದ್ದಳು. ಮೈಕ್ ಅವಳ ಕೈಯಲ್ಲೇ ಇತ್ತು. ಇಗೋ ಶುರುವಾಯಿತು ಭಾಷಣ ಎಂದುಕೊಳ್ಳುವಷ್ಟರಲ್ಲಿ ಹುಡುಗಿ ಮೈಕನ್ನು ಸರಳುಗಳ ಸಂದಿಯಿಂದ ಆಚೆ ತೂರಿಸಿ ಅವನ ಹೆಂಡತಿಗೆ ಕೊಟ್ಟು, ತಾನು ಹಿಂದೆ ಸರಿದಳು.

ಹೆಂಡತಿ ಮೈಕನ್ನು ಬಾಯಿಯ ಹತ್ತಿರ ಹಿಡಿದಳು. "ದರ್ಜಿಯ ತಾಯಿಗೆ ಮೇನ್ ರೋಡಲ್ಲಿ ಲಾರಿ ತಗುಲಿ ಕಾಲು ಮುರೀತು. ನಾವು ಜಾಗ ಕೇಳ್ತಿಲ್ಲ, ದಾರಿ ಕೇಳ್ತಿದ್ದೀವಿ. ಹಗಲು ತೆಗೀರಿ, ರಾತ್ರಿ ಬೀಗ ಹಾಕ್ಕೊಳ್ಳಿ."

ರಿಜಿಸ್ಟ್ರಾರ್ ಗಲ್ಲ ಕೆರೆದುಕೊಂಡು ಡೌಟಣ್ಣನ ಕಡೆ ತಿರುಗಿದರು. "ಏನಯ್ಯಾ, ತೆಗೆದರೆ ನಿನ್ನ ಕೈಲಿ ನಿಭಾಯಿಸೋಕಾಗುತ್ತಾ?"

ಮುಖ್ಯಸ್ಥ ಕಣ್ಣಲ್ಲೇ ಬೇಡವೆಂದ. ಡೌಟಣ್ಣ ಜೇಬಿನ ಬೀಗದ ಕೈ ಮುಟ್ಟಿ ನೋಡಿಕೊಂಡ. "ಓಣಿಯವರೆಲ್ಲ ನನಗೆ ಗೊತ್ತು ಸಾರ್," ಎಂದ ಕೊನೆಗೆ. "ಒಬ್ಬೊಬ್ಬರ ಮೇಲೂ ನನಗೆ ಅನುಮಾನ ಇದೆ. ನನಗಿಂತ ಚೆನ್ನಾಗಿ ಯಾರೂ ಕಾಯಲ್ಲ."

ಗೇಟಿನ ಎರಡೂ ಕಡೆಯವರು ಗೊಳ್ಳೆಂದರು. ರಿಜಿಸ್ಟ್ರಾರರೂ ನಗು ತಡೆಯಲಾರದೆ, ಪರೀಕ್ಷೆ ಮುಗಿಯುವವರೆಗೆ ತೆಗೆದು ನೋಡೋಣ ಎಂದರು.

ಮನೆಗೆ ಬಂದು ಡೌಟಣ್ಣ ಬಾಯಿಬಿಟ್ಟ. "ಚಾಡಿ ಹೇಳಿದ್ದು ನಾನೇ."

"ಗೊತ್ತು," ಎಂದಳು ಹೆಂಡತಿ. "ನನ್ನನ್ನ ಬಚ್ಚಿಟ್ಟು, ಯಾರದೋ ಮನೆ ಮಗಳನ್ನ ತೋರಿಸಿಕೊಟ್ಟಿರಲ್ಲ, ಅದೇ ನನಗೆ ಬೇಜಾರು. ಅವಳಿಗೆ ಹೇಳಿ, ನನಗಲ್ಲ."

ಮಾರನೆಯ ದಿನ ಹುಡುಗಿ ಗೇಟಿನತ್ತ ಬಂದಾಗ ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದ. ಹುಡುಗಿಯ ಮುಖ ಬಿಳಿಚಿತು.

"ನೀವಾ?" ಎಂದಳು. "ನಾನು ನನ್ನ ರೂಮ್‌ಮೇಟ್ ಅಂದ್ಕೊಂಡಿದ್ದೆ. ಅವಳ ಹತ್ರ ಮಾತೇ ಬಿಟ್ಟಿದ್ದೀನಿ. ಅವಳು ಅಳ್ತಾ ಅಳ್ತಾ ರೂಮು ಬದಲಾಯಿಸ್ಕೊಂಡಳು."

ಹುಡುಗಿ ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ತಿರುಗಿ ಹಾಸ್ಟೆಲಿನ ಕಡೆ ಓಡಿದಳು.

ಪರೀಕ್ಷೆ ಮುಗಿದ ಮೇಲೂ ಗೇಟು ಹಗಲೆಲ್ಲ ತೆರೆದೇ ಇತ್ತು. ಕನ್ನಡಕದ ಹುಡುಗಿ ಓಣಿಗೆ ಹೋಗುತ್ತ ಬರುತ್ತ ಇದ್ದಳು. ಆ ರೂಮ್‌ಮೇಟ್ ಮತ್ತೆ ಮಾತಾಡಿದಳೋ ಇಲ್ಲವೋ, ಕೇಳುವ ಧೈರ್ಯ ಡೌಟಣ್ಣನಿಗೆ ಬರಲಿಲ್ಲ. ಹುಡುಗಿ ಗೇಟು ದಾಟುವಾಗ ಅವನು ಎದ್ದು ನಿಲ್ಲುತ್ತಿದ್ದ. ಅವಳು ತಲೆ ಬಾಗಿಸಿ ನಮಸ್ಕಾರ ಎನ್ನುತ್ತಿದ್ದಳು. ಅಣ್ಣಾ ಎಂದು ಮಾತ್ರ ಮತ್ತೆಂದೂ ಕರೆಯಲಿಲ್ಲ.