ಚಿಕ್ಕಬೋರಮ್ಮ ಹಾಕಿಸಿದ ಗುಡ್ಲು

ಸಂತೆಬಾಚಹಳ್ಳಿ ಮಗ್ಗುಲಿನ ನಮ್ಮೂರಿನಲ್ಲಿ ಹೆಣ್ಣು ನೆರೆದರೆ ಸೋದರಮಾವ ಹಸಿಸೊಪ್ಪು ಕಡಿದು ತಂದು ಗುಡ್ಲು ಹಾಕಬೇಕು. ಹುಡುಗಿ ಅದರಲ್ಲಿ ಕೂತೆದ್ದ ಮೇಲೆಯೇ ಮದುವೆಯ ಮಾತು. ಚಿಕ್ಕಬೋರಮ್ಮನ ಹಿರಿಮಗಳು ಪ್ರಮೀಳಾಗೆ ಹದಿನೆಂಟು ತುಂಬಿದರೂ ಗುಡ್ಲು ಏಳಲಿಲ್ಲ. ಮೈಯೂ ತುಂಬಲಿಲ್ಲ. ಕೇಳಿದವರಿಗೆ, "ನಮ್ಮೋರ ಮೈಕಟ್ಟೇ ಅಂಗೆ" ಎನ್ನುತ್ತಿದ್ದಳು ತಾಯಿ.

ಸೋದರಿಕೆಯಲ್ಲೇ ಮದುವೆಯಾಗಿದ್ದ ಚಿಕ್ಕಬೋರಮ್ಮ ಗಂಡ ಸತ್ತ ಹೆಂಗಸು. ಅವಳ ತುಂಡು ಗದ್ದೆಗೆ ನೇಗಿಲು ಹೂಡುತ್ತಿದ್ದವನು ತಮ್ಮ ಕರಿಯಪ್ಪ. ಪ್ರಮೀಳಾ ತೊಟ್ಟಿಲಲ್ಲಿದ್ದಾಗಲೇ ಅವನಿಗೆಂದು ಮಾತಾಗಿತ್ತು. 1993ರ ಸುಗ್ಗಿ ಮುಗಿದ ಮೇಲೆ ಅವನು ಜಗಲಿಯಲ್ಲಿ ಕೂತು ಬಾಯಿಬಿಟ್ಟ.

"ಅಕ್ಕ, ನಾಗಮಂಗಲದ ಕಡೆ ಒಂದು ಹೆಣ್ಣು ಹೇಳ್ತಾವ್ರೆ. ನಂಗೂ ತಲೆ ನರೀತಾ ಅದೆ."

"ಉಗಾದಿ ಗಂಟ ತಡ್ಕೊಳ್ಳಲಾ. ತಲೆ ನರೆದ್ರೆ ಹರಳೆಣ್ಣೆ ಬಳ್ಕೊ."

ನಗುತ್ತಲೇ ಹೇಳಿದಳು. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡವಳ ನಗು ಅದು. ತಮ್ಮ ಬೇರೆ ಮನೆಯ ಅಳಿಯನಾದರೆ ಗದ್ದೆಗೆ ನೇಗಿಲಿಲ್ಲ, ಮಗಳಿಗೆ ಗಂಡಿಲ್ಲ.

ಉಗಾದಿಗೆ ಮುಂಚೆ ಒಂದು ಬೆಳಗ್ಗೆ ಕೋಳಿ ಕುಯ್ದು, ಅದರ ರಕ್ತವನ್ನು ಮಗಳ ಲಂಗಕ್ಕೆ ಹಚ್ಚಿ, ಬೀದಿಗೆಲ್ಲ ಸುದ್ದಿ ಬಿಟ್ಟಳು. ಕರಿಯಪ್ಪ ಅತ್ತಿಸೊಪ್ಪು ಹೊತ್ತು ತಂದು ಗುಡ್ಲು ಹಾಕಿದ. ಮೈಲಿಗೆ ಬಟ್ಟೆ ಒಯ್ಯಲು ಬಂದ ಅಗಸರ ಮಾದಮ್ಮ ಲಂಗ ಕೈಗೆತ್ತಿಕೊಂಡವಳೇ ಪಿಸುಗುಟ್ಟಿದಳು.

"ಅವ್ವಾ, ಇದು ಕೋಳಿ ವಾಸ್ನೆ."

"ಬಾಯಿ ಮುಚ್ಕಂಡು ಒಗ್ಕೊಂಡು ಬಾರೆ. ನೀನೂ ಹೆಣ್ಣು ಹೆತ್ತೋಳು."

ಗುಡ್ಲಿನೊಳಗಿಂದ ಪ್ರಮೀಳಾ ಕೇಳಿದಳು, "ಯಾವ ವಾಸ್ನೆ ಅವ್ವ? ನಂಗೇನೂ ಬರಾಕಿಲ್ವಲ್ಲ."

ಒಲೆಯ ಮೇಲೆ ಹಾಲು ಸೀದರೂ ಅವಳು ತಿರುಗಿ ನೋಡುವವಳಲ್ಲ. ಮೈಗಳ್ಳಿ ಎಂದು ತಾಯಿ ಬೈಯುತ್ತಿದ್ದಳು.

ಮದುವೆಯಾಯಿತು. ತಿಂಗಳಿಗೊಮ್ಮೆ ಒಳಗೆ ಬಾರದೆ ಜಗಲಿಯ ಮೂಲೆಯಲ್ಲಿ ಕೂರುವುದನ್ನೂ ತಾಯಿಯೇ ಕಲಿಸಿ ಕಳಿಸಿದ್ದಳು. ಪ್ರಮೀಳಾ ತಪ್ಪದೆ ಕೂತಳು. ವರ್ಷಗಳು ಉರುಳಿದರೂ ಬಸಿರು ನಿಲ್ಲಲಿಲ್ಲ. ಕೊನೆಗೆ ಕರಿಯಪ್ಪ ತಾಯಿ ಮಗಳಿಬ್ಬರನ್ನೂ ಮೈಸೂರಿನ ಒಬ್ಬ ಲೇಡಿ ಡಾಕ್ಟರ ಬಳಿಗೆ ಕರೆದುಕೊಂಡು ಹೋದ.

"ಮುಟ್ಟು ಯಾವಾಗಲಾದರೂ ಬಂದಿತ್ತೇನಮ್ಮ?"

ಪ್ರಮೀಳಾ ತಾಯಿಯ ಮುಖ ನೋಡಿದಳು. ಆಮೇಲೆ ನೆಲ ನೋಡಿಕೊಂಡು, "ಇಲ್ಲ" ಎಂದಳು.

ಡಾಕ್ಟರು ಇನ್ನೊಂದು ಕೇಳಿದರು. "ವಾಸನೆ ಗೊತ್ತಾಗುತ್ತಾ?"

"ಅಂಗಂದ್ರೆ ಏನೂಂತ್ಲೇ ನಂಗೆ ಗೊತ್ತಿಲ್ಲ."

ಡಾಕ್ಟರು ಬಿಡಿಸಿ ಹೇಳಿದರು. ಕೂಸು ಹೊಟ್ಟೆಯಲ್ಲಿರುವಾಗ ವಾಸನೆಯ ನರ ಮೂಗಿನ ಕಡೆಯಿಂದ ಮಿದುಳಿಗೆ ಹೋಗುತ್ತದೆ. ಮುಟ್ಟಿನ ಹಾರ್ಮೋನಿಗೆ ಅಪ್ಪಣೆ ಕೊಡುವ ಜೀವಕೋಶಗಳೂ ಅದೇ ದಾರಿ ಹಿಡಿದು ಹೋಗಬೇಕು. ಇವಳಲ್ಲಿ ಎರಡೂ ಊರು ಮುಟ್ಟಿಲ್ಲ. ಇದು ವಂಶದಲ್ಲಿ ಇಳಿದು ಬರುವಂಥದ್ದು. ರಕ್ತಸಂಬಂಧದಲ್ಲೇ ಕೊಟ್ಟು ತಂದರೆ ಮೇಲೆದ್ದು ಕಾಣುವುದು ಹೆಚ್ಚು.

"ಹದಿನೈದಕ್ಕೇ ಕರೆತಂದಿದ್ದರೆ ಮಾತ್ರೆಯಲ್ಲಿ ಮೈ ನೆರೆಯುತ್ತಿತ್ತು. ಈಗಲೂ ಆಗುತ್ತೆ. ಮಗು ಬೇಕೆಂದರೆ ಸೂಜಿಮದ್ದಿದೆ, ಆದರೆ ಬಹಳ ದಿನ ಹಿಡಿಯುತ್ತೆ."

ಚಿಕ್ಕಬೋರಮ್ಮನಿಗೆ ತನ್ನ ಸೋದರತ್ತೆಯ ನೆನಪಾಯಿತು. ನೆರೆಯದೆ ಮುದುಕಿಯಾಗಿ, ಹಳಸಿದ ಅನ್ನವನ್ನೂ ಗೊತ್ತಾಗದೆ ಉಂಡು ಸತ್ತವಳು. ರಾಗಿಗೆ ಕಾಡಿಗೆ ರೋಗ ಬಿದ್ದರೆ ಬೀಜ ಬದಲಾಯಿಸುವ ನಾವು, ಮದುವೆಗೆ ಮನೆ ಬದಲಾಯಿಸಿದವರಲ್ಲ.

ಬಸ್ಸಿನಲ್ಲಿ ಅವಳೇ ತಮ್ಮನಿಗೆ ಕೋಳಿ ರಕ್ತದ ಸಂಗತಿ ಬಿಚ್ಚಿ ಹೇಳಿ, ಆಮೇಲೆ ಮಾತು ತೆಗೆದಳು. "ಸೂಜಿ ಹಾಕ್ಸಾನ ಕಣ್ಲಾ, ಡಾಕ್ಟ್ರಮ್ಮ ಅಂದ್ರಲ್ಲ."

"ನಾನು ಸೊಪ್ಪು ಹೊತ್ತಿದ್ದು ಕೋಳಿಗೆ ಗುಡ್ಲು ಹಾಕಾಕಾ ಅಕ್ಕ? ಮಕ್ಕಳಾಗ್ದೆ ಇದ್ರೂ ಬಾಳ್ತಿದ್ದೆ. ತಿಂಗ್ಳು ತಿಂಗ್ಳೂ ಅವಳ್ನ ನನ್ ಕಣ್ಮುಂದೆ ಕೂರಿಸ್ಬುಟ್ಯಲ್ಲ."

ಪಾಂಡವಪುರದಲ್ಲಿ ಇಳಿದವನು ಮತ್ತೆ ಹತ್ತಲಿಲ್ಲ. ಕಾರ್ತೀಕದೊಳಗೆ ನಾಗಮಂಗಲದ ಕಡೆಯಿಂದ ಬೇರೆ ಹೆಣ್ಣು ತಂದ. ಪ್ರಮೀಳಾ ತವರಿಗೆ ಬಂದಳು, ಗದ್ದೆ ಬೀಳು ಬಿತ್ತು. ಗಂಡನಿಲ್ಲದಿದ್ದರೂ ಅವಳು ತಿಂಗಳಿಗೊಮ್ಮೆ ಜಗಲಿಯ ಮೂಲೆಗೆ ಹೋಗಿ ಕೂರುತ್ತಿದ್ದಳು. ತಾಯಿ ಅಲ್ಲಿಗೇ ಊಟದ ತಟ್ಟೆ ಒಯ್ದಿಟ್ಟು ಬರುತ್ತಿದ್ದಳು.

ಕಿರಿಮಗಳು ಶ್ವೇತಾಗೆ ಹದಿಮೂರು ನಡೆಯುತ್ತಿತ್ತು. ಒಂದು ಮಧ್ಯಾಹ್ನ ಅವಳು ಒಲೆಯ ಪಕ್ಕ ಪಾಠ ಓದುತ್ತ ಕೂತಿದ್ದಾಗ ಚಿಕ್ಕಬೋರಮ್ಮ ಹಾಲು ಕಾಯಲಿಟ್ಟು, ಉರಿ ಹೆಚ್ಚಿಸಿ, ಕೈಕಟ್ಟಿ ನಿಂತಳು. ಹಾಲು ಉಕ್ಕಿತು, ಬತ್ತಿತು, ತಳ ಹತ್ತಿತು. ಬೀದಿಯಲ್ಲಿ ಹೋಗುತ್ತಿದ್ದ ಮಾದಮ್ಮ ಕೂಗಿ ಹೇಳಿದಳು, "ಹಾಲು ಸೀಯ್ತಾ ಅದೆ ಕಣವ್ವಾ."

ಶ್ವೇತಾ ಹಾಳೆ ತಿರುವಿದಳು.

ಚಿಕ್ಕಬೋರಮ್ಮ ಬರಿಗೈಯಲ್ಲೇ ಪಾತ್ರೆ ಇಳಿಸಿದಳು.

"ಎದ್ದು ಬ್ಯಾರೆ ಲಂಗ ಹಾಕ್ಕೊ ಮಗ. ಮೈಸೂರಿಗೆ ಹೋಗಾನ. ನಿಮ್ಮಕ್ಕನ್ನೂ ಕರಿ."