ಗಂಗುಲಪ್ಪನವರು ಹುಡುಕಿಕೊಟ್ಟ ಹೆಸರು

ಗಂಗುಲಪ್ಪನವರು ಆಂಧ್ರದ ಕಲ್ಯಾಣದುರ್ಗದಲ್ಲಿ ಮೂವತ್ತು ವರ್ಷ ಕ್ರಯಪತ್ರ ಬರೆದವರು. ಹಿಂದೂಪುರದ ನಮ್ಮ ವಕೀಲರು ಹಳೆಯ ತೆಲುಗು ಪತ್ರಗಳನ್ನೆಲ್ಲ ಕಂಪ್ಯೂಟರಿಗೆ ಟೈಪ್ ಮಾಡಿಸಿದಾಗ, ಬೇಕಾದ್ದನ್ನು ಹುಡುಕಿಕೊಡಲು ಅವರನ್ನು ಕರೆಸಿದರು. ನನಗೆ ಉರಿದುಹೋಯಿತು. ಅವರ ಕಚೇರಿಯ ಕಂಪ್ಯೂಟರ್ ಗುಮಾಸ್ತ, ಡಿಪ್ಲೊಮಾ ಮಾಡಿದವನು ನಾನು. ಪರದೆಯ ಮೇಲೆ ಪುಟ ಸರಿಸಲೂ ಬೆರಳಿಗೆ ಎಂಜಲು ಹಚ್ಚುವ ಮುದುಕರು ನನಗೆ ಹೇಳಿಕೊಡುವುದೇ? ಈಗ ಅವರಿಲ್ಲ. ಅವರು ಕೂರುತ್ತಿದ್ದ ಕುರ್ಚಿಯನ್ನು ದಿನಾ ನಾನೇ ಒರೆಸಿಡುತ್ತೇನೆ.

ಒಂದು ದಿನ ಕುಂದುರ್ಪಿ ಕಡೆಯಿಂದ ಶಿವಲಕ್ಷ್ಮಮ್ಮ ಎಂಬ ಅಜ್ಜಿ ಎರಡು ಬಸ್ಸು ಬದಲಾಯಿಸಿ ನಮ್ಮ ಕಚೇರಿಗೆ ಬಂದರು.

"ಶುಕ್ರವಾರ ಮರಿಮಗಳ್ಗೆ ಹೆಸ್ರಿಡ್ತೀವಿ ಕಣಪ್ಪ. ನಮ್ಮಮ್ಮನ ಹೆಸ್ರೇ ಇಡ್ಬೇಕು. ಆದ್ರೆ ಅದೇನಂತ ನಂಗೇ ಗೊತ್ತಿಲ್ಲ. ಊರೆಲ್ಲ ಪೆದ್ದಕ್ಕ ಅಂತಿದ್ರು. ನಾನು ಮೊಲೆ ಕುಡಿಯೋವಾಗ್ಲೇ ಹೋಗ್ಬುಟ್ಳು."

ಪೆದ್ದಕ್ಕ ಅಂದರೆ ತೆಲುಗಿನಲ್ಲಿ ದೊಡ್ಡಕ್ಕ. ನಾನು ಅದನ್ನೇ ಟೈಪ್ ಮಾಡಿದೆ. ಯಾರು ಯಾರೋ ಪೆದ್ದಕ್ಕಂದಿರ ಆರುನೂರು ಪತ್ರಗಳು ಬಂದವು. ಊರಿನ ಹೆಸರನ್ನೂ ಸೇರಿಸಿದೆ, ಒಂದೂ ಇಲ್ಲ. "ಸಿಗಲ್ಲ ಅಜ್ಜಿ" ಎಂದುಬಿಟ್ಟೆ. ಅವರ ಮುಖ ಬಾಡಿತು.

ಗಂಗುಲಪ್ಪನವರು ರೇಗಿದರು. "ಕೇಶವ, ಓದಿದ್ದೀಯ, ಬುದ್ಧಿ ಮಾತ್ರ ಮನೇಲಿಟ್ ಬಂದಿದ್ದೀಯ. ಹಿರೀ ಮಗಳಿಗೆ ಅಪ್ಪನ ತಾಯಿ ಹೆಸ್ರಿಡ್ತಾರೆ. ಸೊಸೆ ಆದೋಳು ಅತ್ತೆ ಹೆಸ್ರು ಹಿಡ್ದು ಮಗೀನ ಕೂಗ್ತಾಳೇನ್ಲಾ? ಅದ್ಕೇ ಪೆದ್ದಕ್ಕ ಅನ್ನೋದು. ಅವ್ಳ ಪತ್ರದಾಗೆ ಅದು ಎಲ್ಲಿರ್ತದೆ? ಆ ಪದ ತೆಗೆದಾಕು."

ಆಮೇಲೆ ಅಜ್ಜಿಯನ್ನು ವಿಚಾರಿಸಿದರು. ತಂದೆ ಮುತ್ಯಾಲಪ್ಪ. ಹೊಲದಲ್ಲಿ ಹುಣಸೆಬಾವಿ ಎಂಬ ಬಾವಿ ಇತ್ತು, ಆ ಹೊಲ ಅಮ್ಮನ ಹೆಸರಿನಲ್ಲಿತ್ತಂತೆ.

"ಬರ್ಕೊ. ಮುತ್ಯಾಲಪ್ಪ, ಹೆಂಡತಿ: ಎರಡರ ನಡುವೆ ಮೂರು ಪದಕ್ಕಿಂತ ಜಾಸ್ತಿ ಇರಬಾರ್ದು. ಅದೇ ಪತ್ರದಾಗೆ ಹುಣಸೆಬಾವಿನೂ ಇರ್ಬೇಕು. ಮಿಷಿನ್‌ಗೆ ನೆಂಟಸ್ತಿಕೆ ಗೊತ್ತಿಲ್ಲ ಕಣ್ಲಾ, ಯಾರ ಪಕ್ಕ ಯಾರು ಕೂತವ್ರೆ ಅನ್ನೋದಷ್ಟೇ ಗೊತ್ತು."

ನಾಲ್ಕು ಪತ್ರಗಳು ಬಂದವು. ಮೂರನೆಯದು ಅಜ್ಜಿಯ ಊರಿನದು. ತೆಲುಗಿನಲ್ಲಿದ್ದುದನ್ನು ಗಂಗುಲಪ್ಪನವರು ನಿಧಾನವಾಗಿ ಓದಿದರು: ಮುತ್ಯಾಲಪ್ಪನ ಹೆಂಡತಿ ಕದಿರಮ್ಮ.

ಅಜ್ಜಿ ಪರದೆಯ ಹತ್ತಿರಕ್ಕೆ ಬಗ್ಗಿದರು. "ಇನ್ನೊಂದ್ಸಲ ಓದಪ್ಪ" ಎಂದರು. ಓದಿದರು. ಮತ್ತೊಮ್ಮೆ ಓದಿಸಿಕೊಂಡರು. ನನಗೆ ನಾಚಿಕೆಯಾಗಿ ತಲೆ ತಗ್ಗಿಸಿದೆ.

ಗಂಗುಲಪ್ಪನವರು ಅಜ್ಜಿಯನ್ನು ನಗಿಸಲು ನೋಡಿದರು. "ಹೆಸ್ರೇನೋ ಸಿಕ್ತು ಕಣಮ್ಮ. ಹೆತ್ತ ತಾಯಿ ಹೆಸ್ರು, ಇನ್ಮೇಲೆ ಮಗೀನ ನೀನು ಹೆಸ್ರು ಹಿಡ್ದು ಕೂಗಂಗಿಲ್ಲ!"

"ಯಾಕ್ ಕೂಗಂಗಿಲ್ಲ? ಅಮ್ಮಾ ಅಂತ ಕೂಗೋ ಹೊತ್ತಿಗೆ ಅವ್ಳೇ ಇರ್ಲಿಲ್ಲ. ಇವಳನ್ನಾದ್ರೂ ಕೂಗ್ತೀನಿ, ಓ ಅಂತಾಳೆ" ಎಂದರು ಶಿವಲಕ್ಷ್ಮಮ್ಮ.